ಉಪ್ಪುನೀರಿಗೆ ಕರಗುವ ತೊಟ್ಟೆ

ಸಮುದ್ರಕ್ಕೆ ಬಿದ್ದ ಕವರ್ ಸಮುದ್ರದ ನೀರೇ ಆಗಿಬಿಟ್ಟರೆ?

ಈ ಪ್ರಶ್ನೆ ಹುಟ್ಟಿದ್ದು ಯಾವ ವಿಚಾರ ಸಂಕಿರಣದಲ್ಲೂ ಅಲ್ಲ, ನಮ್ಮ ಸಂಶೋಧನಾ ಕೇಂದ್ರದ ಕ್ಯಾಂಟೀನಿನ ಹಿಂದೆ ಮೀನು ಕೊಯ್ಯುವ ಕಲ್ಲಿನ ಹತ್ತಿರ. ಅಡುಗೆಯವನು ಒಂದು ದೊಡ್ಡ ಅಂಜಲ್ ಮೀನಿನ ಹೊಟ್ಟೆ ಸೀಳಿದ. ಒಳಗಿನಿಂದ ಶಾಂಪೂ ಪೊಟ್ಟಣ ಬಂತು, ಬಿಸ್ಕತ್ತಿನ ಹೊದಿಕೆ ಬಂತು, ಕೊನೆಗೆ ಹಾಲಿನ ಕವರಿನ ಅರ್ಧ ತುಂಡು ಬಂತು. ಕೈತೊಳೆಯಲು ಬಂದಿದ್ದ ನಮ್ಮ ಕೇಂದ್ರದ ಯುವ ವಿಜ್ಞಾನಿ ವಾರಿಜ ಮರಕಾಲ ಅದನ್ನೆಲ್ಲ ಕಲ್ಲಿನ ಮೇಲೆ ಸಾಲಾಗಿ ಹರವಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಆ ಪ್ರಶ್ನೆ ಕೇಳಿದಳು. ನಾನು, "ಮೊದಲು ಊಟ ಮಾಡೋಣ ತಾಯಿ, ಸಮುದ್ರ ಎಲ್ಲೂ ಓಡಿಹೋಗಲ್ಲ" ಎಂದೆ. ಅವಳು ಅವತ್ತು ಊಟ ಮಾಡಲಿಲ್ಲ.

ನಾನು ತಿಪ್ಪೇಸ್ವಾಮಿ. ಚಿತ್ರದುರ್ಗದ ಕಡೆಯವನು, ಮೀನು ತಿನ್ನುವುದನ್ನು ಇಲ್ಲಿಗೆ ಬಂದ ಮೇಲೆ ಕಲಿತವನು. ಮುಳ್ಳು ಬಿಡಿಸಲು ಇನ್ನೂ ಬರುವುದಿಲ್ಲ. ಕೇಂದ್ರದಲ್ಲಿ ನನ್ನ ಕೆಲಸ ಪರೀಕ್ಷೆ. ಬೇರೆಯವರು ತಯಾರಿಸಿದ ಪೊಟ್ಟಣ, ಡಬ್ಬಿ, ಚೀಲಗಳನ್ನು ಎಳೆದು, ಹರಿದು, ನೆನೆಸಿ, ಸುಟ್ಟು, ಕೊನೆಗೆ "ಇದು ಆಗಲ್ಲ" ಎನ್ನುವುದು. ಈ ಕೆಲಸಕ್ಕೆ ಸ್ವಲ್ಪ ಸಿಡುಕು ಬೇಕು, ದೇವರು ನನಗೆ ಅದನ್ನು ಧಾರಾಳವಾಗಿಯೇ ಕೊಟ್ಟಿದ್ದಾನೆ. ವಾರಿಜ ಪ್ಲಾಸ್ಟಿಕ್ಕಿಗೆ ಬದಲಾಗಿ ಮಾಡಿ ತಂದ ಎಷ್ಟೋ ಹಾಳೆಗಳನ್ನು ಹರಿದು ಅವಳ ಮೇಜಿಗೆ ವಾಪಸು ಎಸೆದಿದ್ದೇನೆ. ಅವಳು ಒಂದು ಸಲವೂ ಮುಖ ಗಂಟಿಕ್ಕಿದವಳಲ್ಲ. "ಆಯ್ತು ಸರ್, ನಾಳೆ ಬೇರೆ ತರ್ತೇನೆ" ಎನ್ನುತ್ತಿದ್ದಳು, ತರುತ್ತಿದ್ದಳು.

ಕೊನೆಗೆ ಗೆದ್ದಳು. ಅವಳ ಹಾಳೆ ಕಡಲಪಾಚಿಯ ನಾರಿನದು. ಆ ನಾರಿನ ಎಳೆಗಳನ್ನು ಸುಣ್ಣದ ಅಂಶ ಅಲ್ಲಲ್ಲಿ ಗಂಟು ಹಾಕಿ ಹಿಡಿದಿರುತ್ತದೆ. ಮಳೆನೀರು, ಬಾವಿನೀರು ತಗುಲಿದರೆ ಗಂಟಿಗೆ ಏನೂ ಆಗುವುದಿಲ್ಲ. ಉಪ್ಪುನೀರು ಬಂತೋ, ಅದರಲ್ಲಿರುವ ಸೋಡಿಯಂ ಸಂತೆಗೆ ಬಂದ ಜನರ ಹಾಗೆ ನುಗ್ಗಿ ಸುಣ್ಣವನ್ನು ಹೊರಗೆ ತಳ್ಳುತ್ತದೆ. ಗಂಟು ಬಿಚ್ಚಿಕೊಂಡು ಹಾಳೆ ಗಂಜಿತಿಳಿಯ ಹಾಗಾಗಿ ನೀರಿಗೆ ಸೇರುತ್ತದೆ. ಮೀನು ಕುಡಿದರೂ ಅಪಾಯವಿಲ್ಲ.

"ಕೈಬೆವರು ಕೂಡ ಉಪ್ಪೇ ಅಲ್ವೇನಮ್ಮ?" ಎಂದು ನಾನು ತಗಾದೆ ತೆಗೆದೆ. "ಅಂಗಡಿಯವನು ಎರಡು ಸಲ ಮುಟ್ಟಿದರೆ ಅಕ್ಕಿ ನೆಲಕ್ಕೆ."

ಅದಕ್ಕೆ ಅವಳು ಹೊರಮೈಗೆ ಸಸ್ಯಮೇಣದ ತೆಳು ಲೇಪ ಕೊಟ್ಟಳು. ಒಳಮೈ ಮಾತ್ರ ಬೋಳು. ಖಾಲಿ ಚೀಲ ಸಮುದ್ರಕ್ಕೆ ಬಿದ್ದರೆ ತೆರೆದ ಬಾಯಿಯಿಂದ ನೀರು ಒಳನುಗ್ಗಿ ಒಳಗಿನಿಂದ ಕರಗಿಸುತ್ತದೆ, ಮೇಣ ಹುಡಿಯಾಗಿ ತೇಲಿಹೋಗುತ್ತದೆ. ಕಾಗದದ ಮೇಲೆ ನೋಡಿದಾಗ ನನಗೇ ಅಸೂಯೆಯಾಯಿತು, ಅಷ್ಟು ಚಂದದ ಉಪಾಯ. ಕೇಂದ್ರದವರು ಅದಕ್ಕೆ 'ಸಾಗರಮಿತ್ರ' ಎಂದು ಹೆಸರಿಟ್ಟರು. ಸರ್ಕಾರದವರಿಗೆ ಇಂಥ ಹೆಸರು ಕಂಡರೆ ಪ್ರಾಣ.

ವಾರಿಜಳ ಊರು ಕುಂದಾಪುರದ ಕಡೆಯ ಮಡಿಬೆಂಗ್ರೆ. ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಕಡಲು, ನಡುವೆ ಅಲ್ಲಿಯವರು ಹೊಯ್ಗಿ ಎನ್ನುವ ಮರಳಿನ ಪಟ್ಟಿ, ಅದರ ಮೇಲೆ ಮೀನುಗಾರರ ಮನೆಗಳು. ಅಲ್ಲಿ ಅವಳ ತಾಯಿ ಲಚ್ಚಮ್ಮ ಮತ್ತು ತಮ್ಮ ಶೀನ. ಶೀನ ಸಣ್ಣ ದೋಣಿಯಲ್ಲಿ ಜೊತೆಗಾರ ಬಚ್ಚನೊಂದಿಗೆ ಮೀನಿಗೆ ಹೋಗುವವನು. ಮದುವೆ ಮಾತೆತ್ತಿದರೆ ಮೈಲಿ ದೂರ ಓಡುವವನು. ಹೊಸ ಹಾಳೆಯ ಸುದ್ದಿ ಪತ್ರಿಕೆಯಲ್ಲಿ ಬಂದ ದಿನವೇ ಅವನ ಫೋನ್ ಬಂತು. ವಾರಿಜಳ ಕೈ ಪಾಚಿಯಲ್ಲಿ ಮುಳುಗಿದ್ದರಿಂದ ಸ್ಪೀಕರ್ ಹಾಕಿದವನು ನಾನೇ.

"ಹ್ವಾಯ್ ಅಕ್ಕಾ, ನಿನ್ ತೊಟ್ಟೆ ಕಡಲ್ ನೀರಿಗ್ ಕರಗತ್ತ್ ಅಂಬ್ರಲೆ? ಮತ್ತೆ ನಾ ಮೊಬೈಲ್ ಎಂತದ್ರಲ್ ಕಟ್ಕಣ್ಕ್? ನಿನ್ ತಲಿಯಂಗಾ?"

ತೊಟ್ಟೆ ಎಂದರೆ ನಾವು ಕವರ್ ಅನ್ನುತ್ತೇವಲ್ಲ, ಅದು. ಸಣ್ಣ ದೋಣಿಗಳಲ್ಲಿ ವಯರ್‌ಲೆಸ್ ಗಿಯರ್‌ಲೆಸ್ ಏನೂ ಇರುವುದಿಲ್ಲ. ಮೊಬೈಲನ್ನೂ ಬೆಂಕಿಪೆಟ್ಟಿಗೆಯನ್ನೂ ಅಕ್ಕಿಯ ಖಾಲಿ ತೊಟ್ಟೆಯಲ್ಲಿ ಹಾಕಿ, ಬಾಯಿ ತಿರುಚಿ ಗಂಟು ಹೊಡೆದು, ಸೊಂಟಕ್ಕೆ ಕಟ್ಟಿಕೊಂಡು ಹೋಗುವುದು ಅಲ್ಲಿಯ ಪದ್ಧತಿ. ಕಡಲಲ್ಲಿ ಏನಾದರೂ ಆದರೆ ದಡಕ್ಕೆ ಸುದ್ದಿ ಮುಟ್ಟಿಸಲು ಅದೊಂದೇ ದಾರಿ.

"ಬಾಯ್ ಮುಚ್ಕಾ, ಪೋಕ್ರಿ" ಎಂದು ನಕ್ಕಳು ವಾರಿಜ. "ಪರೀಕ್ಷೆ ಮಾಡಿ ಹೇಳ್ತೆ. ಅಲ್ಲಿವರಿಗೆ ಹಳೇ ತೊಟ್ಟೆಯೇ ಕಟ್ಕೊ."

ನಗುತ್ತ ಹೇಳಿದಳು ನಿಜ, ಆದರೆ ಮರೆಯಲಿಲ್ಲ. ಮರೆತಳು ಎಂದು ಮುಂದೆ ಯಾರ್ಯಾರೋ ಬರೆದರು. ಅದು ಸುಳ್ಳು, ಅದನ್ನು ಹೇಳಲೆಂದೇ ನಾನು ಇಲ್ಲಿ ಕೂತಿರುವುದು. ಮಾರನೆಯ ದಿನವೇ ಅವಳು ನನ್ನ ಮೊಬೈಲ್ ಕಿತ್ತುಕೊಂಡಳು, ತನ್ನದು ಹೊಸದಂತೆ. ಸಾಗರಮಿತ್ರದ ಚೀಲದಲ್ಲಿ ಅದನ್ನು ಹಾಕಿ, ತಮ್ಮ ಕಟ್ಟುವ ಹಾಗೆಯೇ ತಿರುಚಿ ಗಂಟು ಹೊಡೆದು, ಕಡಲ ನೀರಿನ ತೊಟ್ಟಿಗೆ ಬಿಟ್ಟಳು. ಅಲೆ ಎಬ್ಬಿಸುವ ಯಂತ್ರ ಹಾಕಿ ಇಡೀ ದಿನ ಕುಲುಕಿಸಿದೆವು. ಸಂಜೆ ಅವಳು ನನ್ನ ನಂಬರಿಗೆ ಫೋನ್ ಮಾಡಿದಳು. ತೊಟ್ಟಿಯೊಳಗಿಂದ ನನ್ನ ಮೊಬೈಲ್ ಲಕ್ಷಣವಾಗಿ ಹಾಡಿತು. ಬಿಚ್ಚಿ ನೋಡಿದರೆ ಒಳಗೆ ಒಂದು ಹನಿ ನೀರಿಲ್ಲ. ಮೇಣದ ಮೈ ಹೊರಗಿತ್ತು, ಬಾಯಿ ಬಿಗಿಯಾಗಿತ್ತು, ಕರಗುವುದೆಲ್ಲಿಂದ?

"ಶೀನ, ಧೈರ್ಯದಲ್ ಕಟ್ಕೊ" ಎಂದು ಅವಳು ತಮ್ಮನಿಗೆ ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. "ಬಾಯಿ ಬಿಗಿ ಕಟ್ರೆ ಒಂದ್ ಹನಿ ಒಳಗ್ ಹೋತಿಲ್ಲೆ. ನಾ ಹೇಳ್ತಿದ್ದೆ."

"ನೀ ಹೇಳ್ರೆ ಮುಗಿತ್ ಬಿಡ್" ಎಂದ ಅವನು.

ಕರಾವಳಿಯ ಅಂಗಡಿಗಳಲ್ಲಿ ಬೇರೆ ಪ್ಲಾಸ್ಟಿಕ್ ಮಾರಬಾರದು ಎಂಬ ಕಾನೂನು ಬಂತು. ಅಕ್ಕಿ, ಬೇಳೆ, ಸಕ್ಕರೆ, ಬ್ರೆಡ್ಡು ಎಲ್ಲವೂ ಸಾಗರಮಿತ್ರದಲ್ಲೇ. ಮೊದಮೊದಲು ರಗಳೆಯೋ ರಗಳೆ. ಒಣಮೀನು ಮಾರುವ ಹೆಂಗಸರು ನಮ್ಮ ಕೇಂದ್ರದ ಗೇಟಿಗೇ ಬಂದು ಬೈದು ಹೋದರು. ಉಪ್ಪು ಹಾಕಿದ ಮೀನು ಚೀಲದೊಳಗೆ ಸೇರಿದರೆ ಗಿರಾಕಿ ಮನೆ ಮುಟ್ಟುವುದರೊಳಗೆ ಚೀಲ ಮಾಯವಾಗುತ್ತಿತ್ತು. ಅವರು ಅಡಿಕೆ ಹಾಳೆ ಮಡಚಿದ ಪಡಿಗೆಗೂ ಬಾಳೆ ಎಲೆಗೂ ಹಿಂತಿರುಗಿದರು. ಉಪ್ಪಿನಕಾಯಿಯವರು ಗಾಜಿಗೆ ಹೋದರು. ಜನ ಗೊಣಗುತ್ತ ಗೊಣಗುತ್ತಲೇ ಒಗ್ಗಿಕೊಂಡರು.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಲೆಗೆ ಕಸ ಬರುವುದು ನಿಂತೇಹೋಯಿತು. ಸುಳ್ಳಲ್ಲ, ನಾನೇ ದೋಣಿಯಲ್ಲಿ ಕೂತು ನೋಡಿದ್ದೇನೆ. ಶೀನ ಬಲೆ ಎಳೆದು ಬೆಳ್ಳಗೆ ಹೊಳೆಯುವ ಮೀನು ತೋರಿಸಿ, "ಕಾಣಿ ಮಾರಾಯ್ರೆ, ಅಕ್ಕ ಕಡಲ್ ತೊಳ್ದಿಟ್ಟಳ್" ಎಂದು ಹಿಗ್ಗಿದ. ಅವತ್ತು ಅವರ ಮನೆಯಲ್ಲೇ ಊಟ. "ಕೂಕಣಿ, ಉಂಡ್ಕಂಡೇ ಹೋಯ್ಕ್" ಎಂದು ಲಚ್ಚಮ್ಮ ತಟ್ಟೆಗೆ ಸುರಿದದ್ದೇ ಸುರಿದದ್ದು. ಅಂಗಳದ ಹಗ್ಗದಲ್ಲಿ ತೊಳೆದ ತೊಟ್ಟೆಗಳು ಗಾಳಿಗೆ ಪಟಪಟ ಅನ್ನುತ್ತಿದ್ದವು. ಎಲ್ಲ ಮನೆಯಲ್ಲೂ ಇರುವಂಥದ್ದೇ ನೋಟ. ನಮ್ಮಮ್ಮನೂ ಹಾಲಿನ ಕವರ್ ತೊಳೆದು ಗೋಡೆಗೆ ಅಂಟಿಸುತ್ತಿದ್ದಳು. ನಾನು ಬಂಗುಡೆಯ ಮುಳ್ಳು ಬಿಡಿಸುವುದರಲ್ಲಿ ಮಗ್ನನಾಗಿದ್ದೆ.

ಸೆಪ್ಟೆಂಬರ್ ತಿಂಗಳ ಒಂದು ಮಧ್ಯಾಹ್ನ, ನಾವು ಪ್ರಯೋಗಾಲಯದಲ್ಲಿದ್ದಾಗ ವಾರಿಜಳ ಫೋನ್ ರಿಂಗಾಯಿತು. ಶೀನನ ದನಿಯ ಹಿಂದೆ ಗಾಳಿಯ ಭೋರ್ಗರೆತ.

"ಅಕ್ಕ, ಎಂಜಿನ್ ಕೈಕೊಟ್ಟಿತ್. ಅಮ್ಮಂಗ್ ಹೇಳ್ಬೇಡ, ಹೆದ್ರ್ಕಂತ್ರ್. ಎಲ್ಲಿದ್ದೆ ಅಂದ್ ಕಂಡ್ಕಂಡ್ ಇನ್ನೊಂದ್ ಗಳಿಗಿಗೆ ಫೋನ್ ಮಾಡ್ತೆ."

ಆ ಗಳಿಗೆ ಬರಲೇ ಇಲ್ಲ. ನಾವು ಕಾದೆವು, ತಿರುಗಿ ಕರೆದೆವು. ಸ್ವಿಚ್ ಆಫ್. ವಾರಿಜಳನ್ನು ಕಾರಿಗೆ ಕೂರಿಸಿಕೊಂಡು ಬಂದರಿನ ಹತ್ತಿರದ ರಕ್ಷಣಾ ಕೇಂದ್ರಕ್ಕೆ ಹೊಡೆದೆ. ತಾಯಿಗೆ ಹೇಳಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ಅವಳು ಫೋನನ್ನು ಎತ್ತುತ್ತಿದ್ದಳು, ಇಡುತ್ತಿದ್ದಳು. ಕೊನೆಗೆ ತಮ್ಮನ ಮಾತನ್ನೇ ನಡೆಸಿದಳು.

ನಿಯಂತ್ರಣ ಕೊಠಡಿಯ ಅಧಿಕಾರಿ ಕ್ಲಾರಾ ಡಿಸೋಜ, ಚುರುಕು ಹೆಂಗಸು. ಮೊಬೈಲ್ ಟವರಿನ ಮಾಹಿತಿಯನ್ನು ಆಗಲೇ ತರಿಸಿಕೊಂಡಿದ್ದಳು. ಪರದೆಯ ಮೇಲೆ ಬೆರಳಿಟ್ಟು ತೋರಿಸಿದಳು.

"ನೋಡಿ, ಕೊನೆಯ ಸಲ ಸಿಗ್ನಲ್ ಸಿಕ್ಕಿದ್ದು ಹೊಳೆ ಕಡಲಿಗೆ ಸೇರುವಲ್ಲಿ, ಮಡಿಬೆಂಗ್ರೆ ಅಳಿವೆಯ ಎದುರಿಗೆ. ದಡಕ್ಕೆ ತೀರಾ ಹತ್ತಿರ. ಸಿಗ್ನಲ್ ಭರ್ತಿ ಇತ್ತು, ಒಮ್ಮೆಲೇ ಸತ್ತಿದೆ. ಫೋನಿಗೆ ನೀರು ಹೋದರೆ ಹೀಗಾಗುವುದುಂಟು. ಹಾಗಿದ್ದರೆ ದೋಣಿ ಅಲ್ಲೇ ಮಗುಚಿರಬೇಕು. ಮಗುಚಿದ ದೋಣಿಗೆ ಗಾಳಿ ಹಿಡಿಯುವುದಿಲ್ಲ, ಹೆಚ್ಚು ದೂರ ಹೋಗುವುದಿಲ್ಲ. ಅಳಿವೆಯ ಸುತ್ತಲೇ ಹುಡುಕಬೇಕು."

"ಬ್ಯಾಟರಿ ಮುಗಿದಿದ್ದರೆ?" ಎಂದು ನಾನು ಕೇಳಿದೆ.

"ಆಗ ದೋಣಿ ನೆಟ್ಟಗೆ ತೇಲುತ್ತಾ ಇದೆ ಅಂತ. ಈ ಬಡಗು ಗಾಳಿಗೆ ಅದು ಇಷ್ಟರಲ್ಲಿ ತೆಂಕಿಗೆ ಬಹಳ ದೂರ ಹೋಗಿರ್ತದೆ. ಇರುವುದು ಎರಡು ಬೋಟು. ಕತ್ತಲಾಗುವ ಮೊದಲು ಎರಡೂ ಕಡೆ ಹುಡುಕಲು ಆಗುವುದಿಲ್ಲ." ಅವಳು ವಾರಿಜಳ ಮುಖ ನೋಡಿದಳು. "ಮೊಬೈಲು ಹೇಗೆ ಇಟ್ಟುಕೊಂಡಿದ್ದ?"

"ಸಾಗರಮಿತ್ರದ ಚೀಲದಲ್ಲಿ, ಗಂಟು ಹಾಕಿ" ಎಂದಳು ವಾರಿಜ. "ನೀರು ಹೋಗಿರಲಿಕ್ಕೆ ಸಾಧ್ಯವೇ ಇಲ್ಲ ಮೇಡಂ. ನಾನೇ ಪರೀಕ್ಷೆ ಮಾಡಿದ್ದೇನೆ. ಇಡೀ ದಿನ ಅಲೆಯಲ್ಲಿಟ್ಟು ನೋಡಿದ್ದೇನೆ."

ಕ್ಲಾರಾ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ನನ್ನ ಮೊಬೈಲೇ ಅಲ್ಲವೇ ತೊಟ್ಟಿಯಲ್ಲಿ ಹಾಡಿದ್ದು?

ಎರಡೂ ಬೋಟುಗಳು ತೆಂಕಿಗೆ ಹೋದವು.

ಕತ್ತಲಾಗುವವರೆಗೆ ಅವಕ್ಕೆ ಏನೂ ಸಿಗಲಿಲ್ಲ. ಮರುದಿನ ಬೆಳಿಗ್ಗೆ ಒಂದು ಟ್ರಾಲರ್‌ನವರಿಗೆ ಬಚ್ಚ ಸಿಕ್ಕಿದ. ಡೀಸೆಲ್ ಕ್ಯಾನನ್ನು ಅಪ್ಪಿಕೊಂಡು, ಅರೆಜೀವವಾಗಿ, ರಾತ್ರಿಯ ಇಳಿತದ ಸೆಳೆತ ಒಯ್ದುಬಿಟ್ಟಿದ್ದ ನಡುಗಡಲಲ್ಲಿ. ಶೀನನ ದೇಹ ಅದರ ಮಾರನೆಯ ದಿನ ದಡಕ್ಕೆ ಬಂತು. ಆ ಹೊತ್ತಿನ ಬಗ್ಗೆ ನಾನು ಬರೆಯುವುದಿಲ್ಲ.

ಆಸ್ಪತ್ರೆಯಲ್ಲಿ ಬಚ್ಚ ಹೇಳಿದ್ದಿಷ್ಟು. "ನೀರ್ ಹಾರಿ ಹಾರಿ ಬೀಳ್ತಿತ್ತ್. ಶೀನ ಮತ್ತೆ ಫೋನ್ ಮಾಡುಕ್ ಅಂದೇಳಿ ಸೊಂಟಕ್ ಕೈ ಹಾಕ್ರೆ ತೊಟ್ಟೆಯೇ ಇಲ್ಲೆ. ಬೆರಳಿಗೆಲ್ಲ ಗಂಜಿತಿಳಿ ಹಿಡ್ದಂಗ್ ಆಯ್ತ್. ಫೋನ್ ನೀರ್ ಹೋಯಿ ಚಂಡಿ ಆಯಿ ಸತ್ತಿತ್. ಅಷ್ಟೊತ್ತಿಗೆ ದೋಣಿಯೂ ಮಗ್ಚಿತ್." ದಡ ಎಷ್ಟು ದೂರವಿತ್ತು ಎಂದರೆ ಅವನಿಗೆ ಗೊತ್ತಿಲ್ಲ. ಮಳೆಯ ಪರದೆಯಲ್ಲಿ ಏನೂ ಕಾಣುತ್ತಿರಲಿಲ್ಲವಂತೆ. ಮಗುಚಿದ ದೋಣಿಯನ್ನು ಇಬ್ಬರೂ ಕತ್ತಲಾಗುವವರೆಗೆ ಹಿಡಿದುಕೊಂಡಿದ್ದರಂತೆ. ಆಮೇಲೆ ಶೀನನ ಕೈಸೋತಿತು.

ಕೇಂದ್ರದ ಸಮಿತಿ ನಾಲ್ಕು ಗೋಡೆಯ ನಡುವೆ ಕೂತು ತೀರ್ಮಾನ ಕೊಟ್ಟಿತು: ಚೀಲದ ಬಾಯಿ ಸರಿಯಾಗಿ ಕಟ್ಟಿರಲಿಲ್ಲ. ನಾನು ಹಟ ಹಿಡಿದು ಮತ್ತೆ ಪರೀಕ್ಷೆ ಮಾಡಿದೆ. ಗಂಟು ಹಾಕಿದ ಚೀಲ ಮತ್ತೆ ಗೆದ್ದಿತು. ಸಡಿಲ ಗಂಟು ಹಾಕಿದೆ, ಆಗಲೂ ಅಷ್ಟು ಬೇಗ ಕರಗಲಿಲ್ಲ. ಬರೀ ಹಾರುವ ನೀರಿಗೆ ಹೊರಗಿನಿಂದ ಕರಗಬೇಕಾದರೆ ಮೇಣವೇ ಇರಬಾರದು. ಮೇಣ ಎಲ್ಲಿಗೆ ಹೋಯಿತು? ವಾರಿಜ ಊಟ ತಿಂಡಿ ಬಿಟ್ಟು ಅದೊಂದನ್ನೇ ಕೇಳಿಕೊಳ್ಳುತ್ತಿದ್ದಳು.

ಶೀನನ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಹಿಂದಿನ ದಿನ ನಾನು ಮಡಿಬೆಂಗ್ರೆಗೆ ಹೋದೆ. ಮರುದಿನದ ಕ್ರಿಯೆಯ ಊಟಕ್ಕೆಂದು ತಂದ ಅಕ್ಕಿಯನ್ನು ಹೆಂಗಸರು ಹಂಡೆಗೆ ಸುರಿಯುತ್ತಿದ್ದರು. ವಾರಿಜ ಬಾವಿಕಟ್ಟೆಯ ಹತ್ತಿರ ಕೂತು ಖಾಲಿ ತೊಟ್ಟೆಗಳನ್ನು ತೊಳೆಯುತ್ತಿದ್ದಳು. ಮನಸ್ಸು ಎಲ್ಲೋ ಇತ್ತು, ಕೈ ಅದರ ಪಾಡಿಗೆ ನಡೆಯುತ್ತಿತ್ತು. ನೀರಲ್ಲಿ ಅದ್ದಿದಳು, ಉಜ್ಜಿದಳು, ಮೂಲೆಗೆ ಬೆರಳು ಕೊಟ್ಟು ಒಳಗಿನದನ್ನು ಹೊರಗೆ ಮಗುಚಿದಳು, ಝಾಡಿಸಿ ಹಗ್ಗಕ್ಕೆ ಸಿಕ್ಕಿಸಿದಳು. ಇನ್ನೊಂದು ತೆಗೆದುಕೊಂಡಳು. ಅದ್ದಿದಳು, ಉಜ್ಜಿದಳು, ಮಗುಚಿದಳು.

ಅಲ್ಲಿಗೆ ಅವಳ ಕೈ ನಿಂತಿತು.

ನಾನೂ ನೋಡಿದೆ. ಹಗ್ಗದ ಮೇಲಿದ್ದ ಒಂದೊಂದು ತೊಟ್ಟೆಯೂ ಮಗುಚಿತ್ತು. ಒಳಗೆ ಅಂಟಿದ ಹುಡಿ ಹೋಗಲಿ, ಬೇಗ ಒಣಗಲಿ ಎಂದು ನಮ್ಮ ಹೆಂಗಸರು ಮಾಡುವ ಕೆಲಸ. ಒಣಗಿದ ಮೇಲೆ ಅದನ್ನು ಮತ್ತೆ ತಿರುಗಿಸುವವರು ಯಾರು? ಹಾಗೇ ಮಡಚಿ ಇಡುತ್ತಾರೆ, ಹಾಗೇ ಬಳಸುತ್ತಾರೆ. ಮೇಣದ ಮೈ ಒಳಗೆ, ಬೋಳು ಮೈ ಹೊರಗೆ. ನಾವು ಪರೀಕ್ಷಿಸಿದ್ದೆಲ್ಲ ಕಾರ್ಖಾನೆಯಿಂದ ಬಂದ ಹೊಸ ಚೀಲಗಳು. ಶೀನ ಸೊಂಟಕ್ಕೆ ಕಟ್ಟಿಕೊಂಡದ್ದು ತಾಯಿ ತೊಳೆದು ಒಣಗಿಸಿದ ತೊಟ್ಟೆ.

"ಸಣ್ಣವಳಿದ್ದಾಗ ದಿನಾ ನಂದೇ ಕೆಲಸ ಇದು" ಎಂದಳು ವಾರಿಜ, ತೀರ ಸಣ್ಣ ದನಿಯಲ್ಲಿ. "ದಿನಾ ಸರ್. ಶಾಲೆಗೆ ಹೋಗುವ ಮೊದಲು."

ಅಯ್ಯೋ ದೇವರೇ ಎನಿಸಿತು. ನಾನೂ ಅಂಥದ್ದೇ ಮನೆಯಲ್ಲಿ ಬೆಳೆದವನಲ್ಲವೇ? ನಮ್ಮಮ್ಮ ಗೋಡೆಗೆ ಅಂಟಿಸುತ್ತಿದ್ದ ಕವರುಗಳೂ ಮಗುಚಿದವೇ. ಸಾವಿರ ಮನೆಗೆ ಜನ ಕಳಿಸಿ, ಚೀಲವನ್ನು ಎಲ್ಲಿ ಬಿಸಾಡುತ್ತೀರಿ ಎಂದು ಕೇಳಿಸಿದ್ದೆವು. ಬಿಸಾಡುವ ಮೊದಲು ಏನು ಮಾಡುತ್ತೀರಿ ಎಂದು ಒಬ್ಬರೂ ಕೇಳಲಿಲ್ಲ. ಕೇಳುವುದೇಕೆ, ನಮಗೇ ಗೊತ್ತಿತ್ತಲ್ಲ! ಗೊತ್ತಿದ್ದದ್ದನ್ನು ಮನೆಯಲ್ಲೇ ಬಿಟ್ಟು ಪ್ರಯೋಗಾಲಯಕ್ಕೆ ಬರುತ್ತಿದ್ದೆವು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಹಗ್ಗದ ಮೇಲಿನ ಒಂದು ತೊಟ್ಟೆಯನ್ನು ತಂದು ಪರೀಕ್ಷಿಸಿದೆ. ಒಂದು ಲೋಟ ಚಹಾ ಆರುವುದರೊಳಗೆ ಅದು ಬೆರಳಿಗೆ ಅಂಟಿಕೊಂಡಿತು. ನಾನು ವರದಿ ಬರೆದೆ. ಸಮಿತಿಯವರು ಚೀಲದ ಮೂಲೆಯಲ್ಲಿ 'ಮಗುಚಬೇಡಿ' ಎಂದು ಅಚ್ಚು ಹಾಕಿಸಲು ಒಪ್ಪಿದರು. ಅಕ್ಕಿಕಾಳಿನಷ್ಟು ಅಕ್ಷರದಲ್ಲಿ.

ಆದರೆ ವಾರಿಜಳನ್ನು ತಿನ್ನುತ್ತಿದ್ದುದು ಚೀಲವಲ್ಲ. ಅವಳು ಕ್ಲಾರಾಳ ಬಳಿಗೆ ಹೋಗಿ ಅವತ್ತಿನ ಲೆಕ್ಕವನ್ನು ಮತ್ತೆ ಹಾಕಿಸಿದಳು, ಈ ಸಲ ಫೋನಿಗೆ ನೀರು ಹೋಗಿದೆ ಎಂದು ಹಿಡಿದು. ಕ್ಲಾರಾ ಬೇಡವೆಂದಳು, ಇವಳು ಬಿಡಲಿಲ್ಲ. ಪರದೆಯ ಮೇಲೆ ಚುಕ್ಕೆ ಬಂತು. ಬೋಟುಗಳು ತೆಂಕಿನಲ್ಲಿ ಅಲೆಯುತ್ತಿದ್ದ ಆ ಸಂಜೆಯುದ್ದಕ್ಕೂ ಮಗುಚಿದ ದೋಣಿ ಮಡಿಬೆಂಗ್ರೆಯ ಎದುರಿಗೇ ಇತ್ತು. ಹೊಳೆಯ ಸೆಳೆತ ದಡ ಸೇರಲು ಬಿಡದೆ, ಗಾಳಿ ದೂರ ಒಯ್ಯದೆ, ಲಚ್ಚಮ್ಮನ ಮನೆಯಿಂದ ಕೂಗಳತೆಯ ದೂರದಲ್ಲಿ.

"ಅಮ್ಮನಿಗೆ ಹೇಳಬೇಕು" ಎಂದಳು ವಾರಿಜ. "ನಾನು ಬೋಟನ್ನು ದೂರ ಕಳಿಸಿದೆ ಅಂತ ಹೇಳಬೇಕು. ಬೈಯಲಿ, ಹೊಡೆಯಲಿ. ಹೇಳದೆ ಅವಳ ಕೈಯಿಂದ ಅನ್ನ ಉಣ್ಣಲಿಕ್ಕೆ ಆಗುವುದಿಲ್ಲ ಸರ್. ನೀವು ಜೊತೆಗೆ ಬನ್ನಿ."

ಹೋದೆವು. ಮಧ್ಯಾಹ್ನದ ಹೊತ್ತು, ಮನೆಯಲ್ಲಿ ಲಚ್ಚಮ್ಮ ಒಬ್ಬಳೇ. ನಮ್ಮನ್ನು ಕೂರಿಸಿದಳು, ಬೆಲ್ಲ ನೀರು ಕೊಟ್ಟಳು. ವಾರಿಜ ತಾಯಿಯ ಎದುರು ನೆಲದ ಮೇಲೆ ಕೂತು ಅವಳ ಕೈ ಹಿಡಿದುಕೊಂಡಳು.

"ಅಮ್ಮ, ಒಂದ್ ಮಾತ್ ಹೇಳ್ಕಿತ್ತ್. ಶೀನ ಆ ದಿನ ಎಲ್ಲಿದ್ದಿದ್ದ ಅಂದ್ರೆ..."

"ನಂಗೂ ಅದೇ ಕೇಂಬುಕಿತ್ತ್ ಮಗ" ಎಂದು ಮುದುಕಿ ಅವಸರದಲ್ಲಿ ನಡುವೆ ಬಾಯಿ ಹಾಕಿದಳು. ಎಷ್ಟೋ ದಿನದಿಂದ ಕಾದಿಟ್ಟುಕೊಂಡಂತಿತ್ತು ಆ ಮಾತು. "ಅವ ದೂರ ಇದ್ದಿದ್ದ, ಅಲ್ದಾ? ಬೋಟಿನವ್ರೆಲ್ಲ ಬಾಳ ದೂರ ಅಂದ್ರ್. ನಂಗ್ ನಿದ್ರಿ ಇಲ್ಲೆ ಮಗ. ಆ ದಿನ ನಂಗ್ ಯಾರೂ ಎಂತದೂ ಹೇಳಿರ್ಲಿಲ್ಲೆ. ಗಾಳಿಗೆ ಹೊಯ್ಗಿ ಒಳಗ್ ಬತ್ತಿತ್ತಂದೇಳಿ ಕಡಲ್ ಬದಿ ಬಾಗ್ಲ್ ಹಾಯ್ಕಂಡ್ ಮನಿಕಂಡಿದ್ದೆ. ಹತ್ರ ಇದ್ದಿದ್ರೆ ಅವ ಕೂಗ್ದೇ ಇಪ್ಪನಾ? ಅಮ್ಮಾ ಅಂದ್ ಕೂಗ್ರೆ ನಂಗ್ ಕೇಂತಿತ್ತಲೆ? ನೀ ಕಲ್ತವಳ್, ನಿಂಗೊತ್ತಿರತ್ತ್. ದೂರವೇ ಅಲ್ದಾ?"

ವಾರಿಜ ಒಮ್ಮೆ ನನ್ನ ಮುಖ ನೋಡಿ, ಆಮೇಲೆ ತಾಯಿಯ ಮುಖ ನೋಡಿದಳು.

"ಹೌದಮ್ಮ" ಎಂದಳು. "ಬಾಳ ದೂರ ಇದ್ದಿದ್ದ. ನೀ ಬಾಗ್ಲ್ ತೆಗ್ದಿದ್ರೂ ಕೇಂತಿರ್ಲಿಲ್ಲೆ."

ಲಚ್ಚಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಷ್ಟೋ ದಿನದ ಮೇಲೆ ಉಸಿರು ಬಿಟ್ಟವಳ ಹಾಗೆ, "ಹಂಗಾರೆ ಅಡ್ಡಿಲ್ಲೆ" ಎಂದಳು. ಮೊಣಕಾಲಿಗೆ ಕೈಯೂರಿ ಎದ್ದು ಒಳಗೆ ಹೋಗಿ ನಮ್ಮಿಬ್ಬರಿಗೂ ತಟ್ಟೆ ಹಾಕಿದಳು. ವಾರಿಜ ತಾಯಿ ಬಡಿಸಿದ್ದಷ್ಟನ್ನೂ ತಲೆಯೆತ್ತದೆ ಉಂಡಳು. ನಾನೂ ಉಂಡೆ.